ಮೊದಲ ಕುಯ್ಲಿನ ಹನ್ನೆರಡು ಕಿಲೋ

ಸುಗ್ಗಿ ಹಬ್ಬಕ್ಕೆ ಹರಾಜು ಇರಲೇಬೇಕು ಎಂದು ಹಟ ಹಿಡಿದವಳು ನಾನೇ. ಲಂಡನ್ನಿನ ರೇನರ್ಸ್ ಲೇನಿನ ನಮ್ಮ ಚರ್ಚಿನ ಇಂಗ್ಲಿಷ್ ಹಿರಿಯರಿಗೆ ಸುಗ್ಗಿ ಎಂದರೆ ಪೀಠದ ಮುಂದೆ ಒಂದಿಷ್ಟು ಬೀನ್ಸ್ ಡಬ್ಬಿ, ಒಂದು ಕುಂಬಳಕಾಯಿ, ಸಂಡೇ ಸ್ಕೂಲಿನ ಮಕ್ಕಳು ಬಿಡಿಸಿದ ಗೋಧಿ ತೆನೆ. ಎರಡು ಹಾಡು ಹೇಳಿ ಮನೆಗೆ ಹೋದರೆ ಮುಗಿಯಿತು. ನಾನು ಬೆಳೆದ ಧಾರವಾಡದ ಸಭೆಯಲ್ಲಿ ಆರಾಧನೆ ಮುಗಿದ ಮೇಲೇ ಹಬ್ಬ ಶುರು. ಒಂದು ಹುಂಜಕ್ಕೆ ಇಬ್ಬರು ಹಿರಿಯರು ಜಿದ್ದಿಗೆ ಬಿದ್ದು ಕೂಗುತ್ತಿದ್ದರು, ಗೆದ್ದವರು ಅದನ್ನು ಮತ್ತೆ ಸಭೆಗೇ ಕೊಡುತ್ತಿದ್ದರು, ಅದೇ ಹುಂಜ ಸಾಯಂಕಾಲದೊಳಗೆ ಮೂರು ಸಲ ಹರಾಜಾಗುತ್ತಿತ್ತು. ಇದನ್ನೆಲ್ಲ ಇಲ್ಲಿನ ಪಾದ್ರಿಗಳಿಗೆ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ಹುಂಜ ಒಂದು ಬೇಡ, ಉಳಿದದ್ದು ನಡೆಯಲಿ ಎಂದರು.

ಆಗ ನಾನು ಆ ಚರ್ಚಿನಲ್ಲಿ ವಾರಕ್ಕೆ ಮೂರು ದಿನ ಕೆಲಸ ಮಾಡುತ್ತಿದ್ದೆ. ಕಾಗದದ ಮೇಲೆ ಕಮ್ಯುನಿಟಿ ವರ್ಕರ್. ಕೆಲಸವೆಂದರೆ ಬುಧವಾರ ಹಾಲ್‌ನಲ್ಲಿ ಮೇಜು ಹಾಕಿ ಕೂರುವುದು. ವೀಸಾ ಮೇಲೆ ಬಂದು ಕೇರರ್, ನರ್ಸ್, ಅಡಿಗೆಯವರಾಗಿ ದುಡಿಯುವವರು ಅರ್ಥವಾಗದ ಕಾಗದ ಹಿಡಿದುಕೊಂಡು ಬರುತ್ತಿದ್ದರು. ನಾವು ಅದನ್ನು ಓದಿ ಹೇಳುವುದು, ಜಿಪಿ ಎಂಬ ಬಡಾವಣೆಯ ಡಾಕ್ಟರ ಹತ್ತಿರ ಹೆಸರು ಬರೆಸುವುದು, ಕೌನ್ಸಿಲ್‌ಗೆ ಫೋನ್ ಹಚ್ಚಿ ಅರ್ಧ ಗಂಟೆ ಸಂಗೀತ ಕೇಳುವುದು. ವೀಸಾ ವಿಷಯದಲ್ಲಿ ಸಲಹೆ ಕೊಡುವ ಅಧಿಕಾರ ನಮಗಿರಲಿಲ್ಲ. ಅದಕ್ಕೆ ಪರವಾನಗಿ ಇದ್ದ ಸಲಹೆಗಾರರೊಬ್ಬರು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು. ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ ಅದೇ ಹಾಲ್‌ನಲ್ಲಿ ನಮ್ಮ ಕನ್ನಡ ಪ್ರಾರ್ಥನಾ ಕೂಟ ಸೇರುತ್ತಿತ್ತು.

ಆ ಕೂಟಕ್ಕೆ ಹಾಸನ ಜಿಲ್ಲೆಯ ಕಾಫಿ ಸೀಮೆಯ ಒಬ್ಬ ಹುಡುಗಿ ಬರುತ್ತಿದ್ದಳು. ಹುಡುಗಿ ಎಂದರೆ ಮೂವತ್ತೊಂದು ವರ್ಷ. ನನಗೆ ಐವತ್ತೆಂಟಾಗಿದ್ದರಿಂದ ಹುಡುಗಿ. ನನ್ನನ್ನು ಆಂಟಿ ಅನ್ನದೆ ಅಕ್ಕ ಅಂದಳು, ಆ ಒಂದು ಕಾರಣಕ್ಕೇ ಮೊದಲ ದಿನದಿಂದ ನಾನು ಅವಳ ಪಕ್ಷ. ಅಕ್ಸ್‌ಬ್ರಿಡ್ಜ್ ಸುತ್ತಮುತ್ತ ವಯಸ್ಸಾದವರ ಮನೆಗಳಿಗೆ ಹೋಗಿ ಆರೈಕೆ ಮಾಡುವ ಸಣ್ಣ ಕಂಪನಿಯೊಂದರಲ್ಲಿ ಅವಳಿಗೆ ಕೆಲಸ. ಊರಿನಲ್ಲಿ ತಾಯಿಗೆ ಒಂದೂವರೆ ಎಕರೆ ಅರೇಬಿಕಾ ಕಾಫಿ. ತಾಯಿಯ ಹಾಗೆ ಎಕರೆ, ಅರ್ಧ ಎಕರೆ ಇರುವ ಒಂಬತ್ತು ಹೆಂಗಸರು ಅಲ್ಲಿನ ಚರ್ಚಿನಲ್ಲಿ ಒಂದು ಪ್ರಾರ್ಥನಾ ಗುಂಪು ಕಟ್ಟಿಕೊಂಡಿದ್ದರು. ಅವರು ಎಷ್ಟೇ ನಿಗಾ ವಹಿಸಿ ಬೆಳೆದರೂ ಬಾಗಿಲಿಗೆ ಬರುವ ವ್ಯಾಪಾರಿ ಒಳ್ಳೆಯದು ಕೆಟ್ಟದ್ದು ನೋಡದೆ ಎಲ್ಲವನ್ನೂ ಒಂದೇ ರಾಶಿಗೆ ಸುರಿದುಕೊಂಡು ಹೋಗುತ್ತಿದ್ದ. ಅಲ್ಲಿಂದ ಮುಂದೆ ಆ ಕಾಫಿಗೆ ಊರೂ ಇರಲಿಲ್ಲ, ಬೆಳೆದವರ ಹೆಸರೂ ಇರಲಿಲ್ಲ.

ರಜೆಗೆ ಊರಿಗೆ ಹೋಗಿ ಬಂದಿದ್ದ ಅವಳು ಅಕ್ಟೋಬರಿನ ಆ ಹರಾಜಿಗೆಂದು ಒಂದು ಕಿಲೋ ಹುರಿಯದ ಕಾಫಿ ಬೀಜ ತಂದಿಟ್ಟಳು. ಕೂಗಿದವರು ಇಬ್ಬರೇ. ಒಬ್ಬರು ಪಿನ್ನರ್‌ನ ಡಾಕ್ಟರಮ್ಮ. ಮೈಸೂರಿನವರು, ಹಿಂದೂಗಳು, ಜಿಪಿ ಕೆಲಸದಿಂದ ನಿವೃತ್ತರಾದ ಮೇಲೆ ನಮ್ಮ ಬುಧವಾರದ ಮೇಜಿಗೆ ಒಂದು ವಾರವೂ ತಪ್ಪಿಸದವರು. ಕಾಫಿ ವಿಷಯದಲ್ಲಿ ತಮ್ಮ ಮಾತೇ ಕಡೆಯ ಮಾತು ಎಂದು ನಂಬಿದವರು. ಇನ್ನೊಬ್ಬರು ಅಕ್ಸ್‌ಬ್ರಿಡ್ಜ್ ಆಚೆಯ ಒಂದು ಶೆಡ್ಡಿನಲ್ಲಿ ಕಾಫಿ ಹುರಿದು ಅಂಗಡಿಗಳಿಗೆ ಕೊಡುವ ಇಂಗ್ಲಿಷ್ ರೋಸ್ಟರ್. ತಮ್ಮ ತಾಯಿಯನ್ನು ಚರ್ಚಿಗೆ ಬಿಡಲು ಬಂದವರು ಸುಮ್ಮನೆ ನಿಂತಿದ್ದರು. ಡಾಕ್ಟರಮ್ಮ ಸೋತರು, ಮತ್ತು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡರು.

ಹತ್ತು ದಿನದ ಮೇಲೆ ರೋಸ್ಟರ್ ಹಾಲ್‌ಗೆ ಬಂದು ಇಂಥದ್ದು ಇನ್ನೂ ಸಿಗುತ್ತದೆಯೇ ಎಂದು ಕೇಳಿದರು. ಅವರ ಹುರಿಯುವ ಡ್ರಮ್ಮಿಗೆ ಒಂದು ಸಲಕ್ಕೆ ಹನ್ನೆರಡು ಕಿಲೋ ಹಿಡಿಯುತ್ತದೆ. ಮೊದಲು ಅಷ್ಟನ್ನು ತರಿಸಿ. ಅದು ಪಾಸಾದರೆ ಬೇಸಿಗೆಯ ಹೊತ್ತಿಗೆ ಹತ್ತು ಮೂಟೆ ತೆಗೆದುಕೊಳ್ಳುತ್ತೇನೆ, ಪ್ರತಿ ಪ್ಯಾಕೆಟ್ ಮೇಲೆ ಆ ಊರಿನ ಹೆಸರು ಹಾಕುತ್ತೇನೆ ಎಂದರು. ಹುಡುಗಿ ಅಲ್ಲೇ ನಿಂತು ತಾಯಿಗೆ ಫೋನ್ ಮಾಡಿದಳು. ಹೆಸರನ್ನು ಇಂಗ್ಲಿಷಿನಲ್ಲಿ ಹಾಕ್ತಾರೋ ಕನ್ನಡದಲ್ಲೋ ಎಂಬುದು ತಾಯಿಯ ಮೊದಲ ಪ್ರಶ್ನೆ. ಎರಡರಲ್ಲೂ ಹಾಕಿಸೋಣ ಎಂದು ನಾನು ಹಿಂದಿನಿಂದ ಕೂಗಿ ಹೇಳಿದೆ.

ಆ ಒಂಬತ್ತು ಹೆಂಗಸರಿಗೆ ನಾನೇ ಕೈಯಾರೆ ಎರಡು ಪುಟ ಕಾಗದ ಬರೆದೆ. ತೊಳೆದ ಅರೇಬಿಕಾ, ಸಿಪ್ಪೆ ತೆಗೆದದ್ದು, ಹನ್ನೆರಡು ಕಿಲೋ, ತೇವ ನೂರಕ್ಕೆ ಹನ್ನೆರಡು ದಾಟಬಾರದು: ಇಷ್ಟು ಮೂರು ಸಾಲಿನಲ್ಲಿ ಮುಗಿಯಿತು. ಉಳಿದ ಒಂದೂಮುಕ್ಕಾಲು ಪುಟದಲ್ಲಿ ನನ್ನ ಭಕ್ತಿ ಹರಿಯಿತು. ಇದನ್ನು ವ್ಯಾಪಾರವೆಂದು ತಿಳಿಯಬೇಡಿ, ಕರ್ತನ ಕೆಲಸವೆಂದು ತಿಳಿಯಿರಿ. ಇಲ್ಲಿನ ಸಭೆ ನಿಮ್ಮ ಕೈಯಿಂದ ಬಂದದ್ದನ್ನು ಎದುರು ನೋಡುತ್ತಿದೆ. ಅವನಿಗೆ ಅರ್ಪಿಸುವಂತೆ ಅರ್ಪಿಸಿ ಕಳುಹಿಸಿ. ಹುಡುಗಿ ಓದಿ, ಪಾದ್ರಿಗಳು ಬರೆದಂಗಿದೆ ಅಕ್ಕ ಎಂದಳು. ನಾನು ಉಬ್ಬಿಹೋದೆ, ಫೈಲಿಗೆಂದು ಒಂದು ಪ್ರತಿಯನ್ನೂ ತೆಗೆದಿಟ್ಟೆ.

ಡಿಸೆಂಬರ್ ಮೊದಲ ವಾರ ಎರಡು ಸಂಗತಿ ಒಟ್ಟಿಗೆ ಬಂದವು. ಒಂದು, ಕೊರಿಯರ್ ಆಫೀಸಿನ ಫೋನು. ನಿಮ್ಮ ಹೆಸರಿಗೆ ಮೂರು ಪೆಟ್ಟಿಗೆ ಬಂದಿವೆ, ವಸ್ತುವಿನ ಉದ್ದೇಶ ಎಂಬ ಜಾಗದಲ್ಲಿ 'ದೇವರಿಗೆ ಕಾಣಿಕೆ' ಎಂದು ಇಂಗ್ಲಿಷಿನಲ್ಲಿ ಬರೆದಿದ್ದಾರೆ, ಇದನ್ನು ಯಾವ ವರ್ಗಕ್ಕೆ ಸೇರಿಸಬೇಕು ಎಂದು ಆ ಕಡೆಯವನು ಬಹಳ ಗಂಭೀರವಾಗಿ ಕೇಳಿದ. ಮಾರಾಟದ ಮಾದರಿ ಎಂದು ತಿದ್ದಿಸಿದೆ. ಫೋನ್ ಇಟ್ಟ ಮೇಲೆ ನಕ್ಕಿದ್ದೂ ಉಂಟು. ಪೆಟ್ಟಿಗೆ ನಾಲ್ಕು ದಿನ ತಡವಾಯಿತು ಎಂಬುದು ಬಿಟ್ಟರೆ ನನ್ನ ತಲೆಗೆ ಬೇರೇನೂ ಹೊಳೆಯಲಿಲ್ಲ.

ಇನ್ನೊಂದು, ಹುಡುಗಿಗೆ ಬಂದ ಕಾಗದ. ಅವಳ ಕಂಪನಿಯವರು ವಿದೇಶಿಯರನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಪರವಾನಗಿಯನ್ನು ಕಳೆದುಕೊಂಡಿದ್ದರು. ತಪ್ಪು ಕಂಪನಿಯದು, ಕಾಗದ ಮಾತ್ರ ಅವಳಿಗೆ: ಅರವತ್ತು ದಿನದೊಳಗೆ ಪರವಾನಗಿ ಇರುವ ಬೇರೆ ಮಾಲೀಕರನ್ನು ಹುಡುಕಿ ಹೊಸ ಅರ್ಜಿ ಹಾಕಬೇಕು, ಇಲ್ಲವಾದರೆ ದೇಶ ಬಿಡಬೇಕು. ನನ್ನ ಮೇಜಿಗೆ ಇಂಥ ಕಾಗದ ಅದು ಮೊದಲನೆಯದಲ್ಲ. ಆದರೆ ಕೂಟದಲ್ಲಿ ಪಕ್ಕದಲ್ಲಿ ಕೂತು ಹಾಡುವವಳ ಕೈಯಲ್ಲಿ ನೋಡಿದ್ದು ಮೊದಲು. ಸಲಹೆಗಾರರು ಅವಳ ಕೆಲಸದ ವಿವರವನ್ನೆಲ್ಲ ಬರೆದು ತರಲು ಹೇಳಿದರು. ಅವಳು ಕನ್ನಡದಲ್ಲಿ ಬರೆದು ತಂದಳು, ನಾನು ಇಂಗ್ಲಿಷಿಗೆ ಇಳಿಸಿದೆ. ಅವಳ ಅಕ್ಷರ ವಿಚಿತ್ರ. ಒತ್ತಕ್ಷರ ಬಂದರೆ ಸಾಕು, ಬೇರು ಬಿಟ್ಟ ಹಾಗೆ ಕೆಳಗಿನ ಸಾಲಿನವರೆಗೂ ಇಳಿಯುತ್ತಿತ್ತು. ನಿನ್ನ ಒತ್ತಕ್ಷರಕ್ಕೂ ವೀಸಾ ಬೇಕಾಗ್ತದ ಎಂದು ರೇಗಿಸಿದೆ. ನಗಲಿಲ್ಲ.

ಪೆಟ್ಟಿಗೆಗಳನ್ನು ರೋಸ್ಟರ್‌ಗೆ ತಲುಪಿಸಿ, ಡಿಸೆಂಬರ್ ಮಧ್ಯದಲ್ಲಿ ನಾವಿಬ್ಬರೂ ಅವರ ಶೆಡ್ಡಿಗೆ ಹೋದೆವು. ಅವರು ಮೊದಲು ಒಂದು ಹಿಡಿ ಬೀಜವನ್ನು ಸಣ್ಣ ಯಂತ್ರಕ್ಕೆ ಹಾಕಿ ತೇವ ನೋಡಿದರು: ಹದಿಮೂರೂವರೆಯ ಮೇಲೆ. ಆಮೇಲೆ ಮುನ್ನೂರೈವತ್ತು ಗ್ರಾಂ ತೂಗಿ ಕಪ್ಪು ರಬ್ಬರ್ ಹಾಳೆಯ ಮೇಲೆ ಹರಡಿ, ಕೆಟ್ಟ ಬೀಜಗಳನ್ನು ಒಂದೊಂದಾಗಿ ಬದಿಗೆ ಎಳೆಯತೊಡಗಿದರು. ಕಪ್ಪಾದವು ಒಂದು ಕಡೆ, ಹುಳ ಕೊರೆದವು ಒಂದು ಕಡೆ, ಜೊಳ್ಳು ಒಂದು ಕಡೆ. ಮೂರೂ ಗುಡ್ಡೆ ಬೆಳೆಯುತ್ತಲೇ ಹೋದವು. ಹಿಂದಿನ ದಿನವೇ ಹುರಿದಿಟ್ಟಿದ್ದ ಬೀಜವನ್ನು ಪುಡಿ ಮಾಡಿ ಐದು ಬಟ್ಟಲಿಗೆ ಹಾಕಿ, ಬಿಸಿನೀರು ಹೊಯ್ದು, ಗಡಿಯಾರ ನೋಡುತ್ತ ನಾಲ್ಕು ನಿಮಿಷ ಕಾದರು. ಮೇಲೆ ಕಟ್ಟಿದ ಕೆನೆಯನ್ನು ಚಮಚದಿಂದ ಒಡೆದು ವಾಸನೆ ನೋಡಿದರು. ಆರಿದ ಮೇಲೆ ಚಮಚದಲ್ಲಿ ತೆಗೆದು ಸುರ್ರೆಂದು ಎಳೆದರು. ನಮ್ಮ ಮನೆಯಲ್ಲಿ ಯಾರಾದರೂ ಹಾಗೆ ಸದ್ದು ಮಾಡಿದ್ದರೆ ಅಜ್ಜಿ ಬೆನ್ನಿಗೆ ಒಂದು ಕೊಡುತ್ತಿದ್ದಳು.

ಐದೂ ಬಟ್ಟಲು ಮುಗಿಸಿ, ಇಂಟರೆಸ್ಟಿಂಗ್ ಎಂದರು.

ಮೂವತ್ತು ವರ್ಷದಿಂದ ಈ ದೇಶದಲ್ಲಿದ್ದೇನೆ. ಇಂಗ್ಲಿಷರು ಒಂದು ವಸ್ತುವನ್ನು ಇಂಟರೆಸ್ಟಿಂಗ್ ಎಂದರೆ ಅದರ ಕಥೆ ಮುಗಿದಂತೆ. ನಾನೇ ಒತ್ತಾಯಿಸಿ ಕೇಳಿದ ಮೇಲೆ ನಿಜ ಹೇಳಿದರು. ಹರಾಜಿನಲ್ಲಿ ಸಿಕ್ಕಿದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಇದನ್ನು ಮಾರಲಾಗದು. ಬರುವ ವರ್ಷದ ಕಾಫಿ ಎಲ್ಲಿಂದ ಎಂಬುದನ್ನು ಫೆಬ್ರವರಿ ಕೊನೆಗೆ ತೀರ್ಮಾನಿಸುತ್ತೇನೆ, ಅಷ್ಟರೊಳಗೆ ಬೇರೆ ಮಾದರಿ ಬಂದರೆ ನೋಡುತ್ತೇನೆ ಎಂದರು. ಹುಡುಗಿ ಕಪ್ಪು ಹಾಳೆಯ ಮೇಲಿನ ಗುಡ್ಡೆಗಳನ್ನೇ ನೋಡುತ್ತಿದ್ದಳು.

ಅಕ್ಸ್‌ಬ್ರಿಡ್ಜ್‌ನಿಂದ ವಾಪಸು ಬರುವ ಟ್ಯೂಬ್‌ನಲ್ಲಿ ಅವಳು ಬಾಯಿ ಬಿಟ್ಟಳು. ಅದು ಮೊದಲ ಕುಯ್ಲಿನ ಬೀಜವಂತೆ. ನವೆಂಬರಿನಲ್ಲಿ ಗಿಡಕ್ಕೆ ಹತ್ತಿಪ್ಪತ್ತು ಹಣ್ಣು ಉಳಿದವಕ್ಕಿಂತ ಮುಂಚೆ ಕೆಂಪಾಗುತ್ತವೆ. ಹುಳ ಹೊಕ್ಕೋ ಗಿಡಕ್ಕೆ ಸುಸ್ತಾಗಿಯೋ ಅವಸರಕ್ಕೆ ಹಣ್ಣಾದವೇ ಹೆಚ್ಚು. ಅವನ್ನು ಬಿಡಿಸಿ ತೆಗೆದ ಮೇಲೆ, ಕ್ರಿಸ್ಮಸ್ ಹೊತ್ತಿಗೆ ದೊಡ್ಡ ಕುಯ್ಲು. ಹರಾಜಿಗೆ ತಂದದ್ದು ಹಿಂದಿನ ವರ್ಷದ ದೊಡ್ಡ ಕುಯ್ಲಿನದು. ಬೇಗ ಕಳಿಸಬೇಕೆಂದು ತಾಯಿ ಅವಸರ ಮಾಡಿರಬೇಕು ಎಂದಳು. ಈಸ್ಟ್‌ಕೋಟ್ ದಾಟುವಾಗ ನನ್ನ ಕೈ ಹಿಡಿದುಕೊಂಡಳು.

"ಅವ್ವಂಗೆ ಹೇಳ್ಬೇಡಿ ಅಕ್ಕ. ಲಂಡನ್ನಿಗೆ ನಮ್ ಕಾಫಿ ಹೋಯ್ತು ಅಂತ ಊರೆಲ್ಲ ಹೇಳ್ಕಂಡು ಬಂದವ್ಳೆ. ನನ್ ಕೆಲ್ಸ ಹೋಗಿದ್ದೂ ಗೊತ್ತಿಲ್ಲ ಅವಳ್ಗೆ. ಎರಡೂ ಒಟ್ಟಿಗೆ ಬೇಡ."

ಹೇಳುವುದಿಲ್ಲ ಎಂದೆ. ಆ ಕ್ಷಣಕ್ಕೆ ಅದೇ ದಯೆ ಅನ್ನಿಸಿತ್ತು.

ಕ್ರಿಸ್ಮಸ್ ಕಳೆಯಿತು. ನಾನು ತಾಯಿಗೆ ಒಂದು ಕಾಗದದ ಕರಡು ಬರೆದೆ. ನಿಮ್ಮ ಕಾಫಿ ಬಹಳ ಚೆನ್ನಾಗಿತ್ತು, ಈ ವರ್ಷ ಇಲ್ಲಿ ಮಾರುಕಟ್ಟೆಯ ಪರಿಸ್ಥಿತಿ ಸರಿಯಿಲ್ಲ, ಮುಂದೆ ನೋಡೋಣ. ಬೆಣ್ಣೆಯಲ್ಲಿನ ಕೂದಲು ತೆಗೆದ ಹಾಗೆ ನುಣುಪಾಗಿ ಬಂದಿತ್ತು. ಡಾಕ್ಟರಮ್ಮನಿಗೆ ಓದಿ ತೋರಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಿಮ್ಮಾ, ಎಷ್ಟೋ ವರ್ಷ ಜಿಪಿ ಆಗಿದ್ದೆ. ಪೇಶೆಂಟಿಗೆ ಸುಳ್ಳು ಹೇಳಿದ್ರೆ ಆವತ್ತಿನ ದಿನ ನಮಗೆ ಸುಲಭ ಆಗುತ್ತೆ, ಅವರಿಗಲ್ಲ. ಈಗ ಅವರ ತೋಟದಲ್ಲಿ ಒಳ್ಳೇ ಹಣ್ಣು ಗಿಡದ ಮೇಲೇ ಇದೆ ಅಂತೀರಿ. ನೀವು ಸುಮ್ಮನಿದ್ರೆ ಅದೂ ಆ ವ್ಯಾಪಾರಿ ರಾಶಿಗೇ ಹೋಗುತ್ತೆ, ಅಲ್ವಾ?"

ಹೌದು, ದೊಡ್ಡ ಕುಯ್ಲು ಶುರುವಾಗಿ ಹತ್ತು ದಿನವಾಗಿತ್ತು. ನಾನು ಮೊದಲು ಬರೆದ ಕಾಗದದಲ್ಲಿ ತೇವದ ವಿಷಯ ಸರಿಯಾಗಿ ಬರೆದಿದ್ದೆನೋ ಇಲ್ಲವೋ ನೋಡೋಣವೆಂದು ಫೈಲಿನಿಂದ ಪ್ರತಿ ತೆಗೆದೆ. ತೇವ ಸರಿಯಾಗಿಯೇ ಇತ್ತು. ಕಣ್ಣು ಹೋಗಿ ನಿಂತದ್ದು ಉಳಿದ ಒಂದೂಮುಕ್ಕಾಲು ಪುಟದ ಮೇಲೆ. ಅವನಿಗೆ ಅರ್ಪಿಸುವಂತೆ ಅರ್ಪಿಸಿ. ಕೊರಿಯರಿನವನ ಪ್ರಶ್ನೆ ಆಗ ನೆನಪಾಯಿತು. ಧಾರವಾಡದ ನಮ್ಮ ಹಿತ್ತಲಲ್ಲಿ ಮೊದಲ ನುಗ್ಗೆಕಾಯಿ, ಮೊದಲ ಪಪ್ಪಾಯಿ ಮನೆಯವರ ಬಾಯಿಗೆ ಬಿದ್ದದ್ದೇ ಇಲ್ಲ. ಹುಳ ಇರಲಿ, ವಕ್ರವಾಗಿರಲಿ, ಅದು ಸಭೆಗೆ. ಪ್ರಥಮ ಫಲ ದೇವರದು ಎಂದು ಸಂಡೇ ಸ್ಕೂಲಿನಲ್ಲಿ ನಾನೇ ನೂರು ಸಲ ಒಪ್ಪಿಸಿದ್ದೇನೆ. ಆ ಹೆಂಗಸರು ಅವಸರ ಮಾಡಿರಲಿಲ್ಲ. ನಾನು ಕೇಳಿದ್ದನ್ನೇ ಕಳಿಸಿದ್ದರು.

ಹುಡುಗಿಯನ್ನು ಕರೆದು ಹೇಳಿದೆ. ನಿನಗೆ ಕೊಟ್ಟ ಮಾತು ಮುರಿಯುತ್ತೇನೆ, ಕಾಫಿಯ ವಿಷಯದಲ್ಲಿ ಮಾತ್ರ. ನಿನ್ನ ಕೆಲಸದ ವಿಷಯ ನಿನ್ನದು, ಅದನ್ನು ನಾನು ಎತ್ತುವುದಿಲ್ಲ. ಅವಳು ಆ ಭಾನುವಾರ ಚರ್ಚಿಗೇ ಬರಲಿಲ್ಲ. ಆದರೆ ಹೊಸ ವರ್ಷದ ಮೊದಲ ಬುಧವಾರ ಹಾಲ್‌ಗೆ ಬಂದು, ನನ್ನ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. ಇಲ್ಲಿ ಮಧ್ಯಾಹ್ನ ಒಂದೂವರೆ, ಅಲ್ಲಿ ಏಳು ಗಂಟೆ. ಫೋನನ್ನು ಸ್ಪೀಕರಿಗೆ ಹಾಕಿದೆ.

ಊಟ ಆಯ್ತಾ ಅಮ್ಮಾವ್ರೆ ಎಂದು ತಾಯಿಯೇ ಕೇಳಿದರು. ತೋಟದ ಯಜಮಾನಿಯರನ್ನು ಕರೆಯುವ ಹಾಗೆ ಅಮ್ಮಾವ್ರೆ ಅನ್ನಬೇಡಿ ಎಂದು ಎಷ್ಟು ಸಲ ಹೇಳಿದರೂ ಬಿಟ್ಟವರಲ್ಲ. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ತೇವ ಹೆಚ್ಚು, ಕಪ್ಪು ಬೀಜ, ಹುಳ, ಜೊಳ್ಳು, ರುಚಿ ಇಲ್ಲ, ರೋಸ್ಟರ್ ಬೇಡ ಎಂದರು. ಆ ಕಡೆ ಪಾತ್ರೆಯ ಸದ್ದು ನಿಂತಿತು.

"ಅಲ್ಲ ಅಮ್ಮಾವ್ರೆ, ಅದು ಕುಡಿಯಕ್ಕೆ ಅಂತ ಕಳ್ಸಿದ್ದಲ್ವಲ್ಲ. ಅರ್ಪಿಸಿ ಅಂತ ನೀವೇ ಬರ್ದಿದ್ರಿ. ಒಂಬತ್ತು ಜನಾನೂ ಮೊದಲ್ನೇ ಫಲ ಬಿಡಿಸ್ಕಂಡು, ಚರ್ಚಿಗೆ ಹೊತ್ಕಂಡೋಗಿ, ಪಾದ್ರಿಗಳ ಹತ್ರ ಪ್ರಾರ್ಥನೆ ಮಾಡ್ಸಿ ಕಳ್ಸುದ್ವಿ. ಕುಡಿಯಕ್ಕೆ ಬೇಕು ಅಂದಿದ್ರೆ ಅದುಕ್ಕೆ ಬೇರೆ ಇತ್ತಲ್ಲ."

"ತಪ್ಪು ನಂದರೀ ಅವ್ವಾರ" ಎಂದೆ. "ಕಾಗದ ಬರ್ದಾಕಿ ನಾನು. ಕಾಫಿ ಕೇಳೂದು ಬಿಟ್ಟು ಪಾದ್ರಿ ಹಂಗ ಪ್ರಸಂಗ ಮಾಡೇನಿ."

ಆ ಹೆಂಗಸು ನಕ್ಕರು. ಕೋಪ ಮಾಡಿಕೊಳ್ಳುತ್ತಾರೆ, ಅಳುತ್ತಾರೆ ಎಂದೆಲ್ಲ ನಾನು ಸಿದ್ಧಳಾಗಿದ್ದೆ, ನಗುವಿಗೆ ಸಿದ್ಧಳಾಗಿರಲಿಲ್ಲ.

"ದೇವ್ರದು ದೇವ್ರಿಗೆ ಹೋಯ್ತು ಬಿಡಿ. ಕುಡಿಯೋರ್ದು ಈಗ ಮಾಡಣ."

ಅಷ್ಟರಲ್ಲಿ ಹುಡುಗಿ ಕೈಚಾಚಿ ಫೋನ್ ಎತ್ತಿಕೊಂಡು, ಸ್ಪೀಕರ್ ಆರಿಸಿ, ಕಿಟಕಿಯ ಹತ್ತಿರ ಹೋದಳು. ಕೆಲ್ಸ ಹೋಯ್ತು ಕಣವ್ವ, ಇನ್ನು ಮೂವತ್ತೊಂದು ದಿನ ಉಳ್ದಿರೋದು ಎನ್ನುವುದು ನನಗೆ ಕೇಳಿಸಿತು. ಬಹಳ ಹೊತ್ತು ನಿಂತಿದ್ದಳು. ತಿರುಗಿ ಬಂದಾಗ ಕಣ್ಣು ಕೆಂಪಗಿತ್ತು, ಬಾಯಿ ಮಾತ್ರ ನಗುತ್ತಿತ್ತು. ತಾಯಿ ಎಲ್ಲ ಕೇಳಿಸಿಕೊಂಡು, ಹಂಗಾದ್ರೆ ನಿಂಗೀಗ ಪುರುಸೊತ್ತು, ಸುಮ್ನೆ ಕೂತ್ರೆ ತಲೆ ಕೆಡ್ತದೆ, ಆ ಬೀಜ ಆರಿಸು ಎಂದಿದ್ದರಂತೆ.

ಹಾಗಾಗಿ ಜನವರಿ ಪೂರ್ತಿ ನಮ್ಮ ಹಾಲ್‌ನಲ್ಲಿ ಎರಡು ಕೆಲಸ ಅಕ್ಕಪಕ್ಕದಲ್ಲಿ ನಡೆದವು. ಸಂಬಳವಿಲ್ಲದೆ ಚರ್ಚಿಗಾಗಿ ಬೀಜ ಆರಿಸುವುದರಿಂದ ಅವಳ ವೀಸಾಕ್ಕೆ ತೊಂದರೆ ಇಲ್ಲ ಎಂದು ಸಲಹೆಗಾರರಿಂದ ಮೊದಲು ಕೇಳಿ ಖಚಿತಪಡಿಸಿಕೊಂಡೆ. ಒಂದು ಮೇಜಿನ ಮೇಲೆ ಲ್ಯಾಪ್‌ಟಾಪ್, ಪರವಾನಗಿ ಇರುವ ಕೇರ್ ಹೋಮ್‌ಗಳ ಪಟ್ಟಿ, ಪೆನ್ಸಿಲ್. ಇನ್ನೊಂದರ ಮೇಲೆ ಚರ್ಚಿನ ಬಿಳಿ ಮೇಜುಬಟ್ಟೆ, ಅದರ ಮೇಲೆ ರೋಸ್ಟರ್ ವಾಪಸು ಕೊಟ್ಟಿದ್ದ ಹನ್ನೊಂದು ಚಿಲ್ಲರೆ ಕಿಲೋ ಕಾಫಿ ಬೀಜ. ಅವಳು ಎರಡೂ ಕೈಯಿಂದ ಆರಿಸುತ್ತಿದ್ದಳು, ಬೀಜವನ್ನು ನೋಡಿದಳೋ ಇಲ್ಲವೋ ಎನ್ನುವಷ್ಟು ಬೇಗ. ಶಾಲೆಯ ರಜೆಯಲ್ಲಿ ಕಾಫಿ ಹದಮಾಡುವ ವರ್ಕ್ಸಿನಲ್ಲಿ ತಾಯಿಯ ಜೊತೆ ಕೂತು ಕಲಿತದ್ದು. ಕ್ಯೂನಲ್ಲಿ ಕಾಯುತ್ತಿದ್ದ ಫಿಲಿಪ್ಪೀನ್ಸ್‌ನ ನರ್ಸೊಬ್ಬಳು, ಘಾನಾದ ಡ್ರೈವರೊಬ್ಬ, ತಮ್ಮ ಸರದಿ ಬರುವ ತನಕ ಕೂತು ಒಂದೊಂದು ತಟ್ಟೆ ಆರಿಸಿ ಹೋಗುತ್ತಿದ್ದರು. ಆ ವಾರಗಳಲ್ಲಿ ಹಾಲ್‌ನಲ್ಲಿ ಜಗಳವೇ ಆಗಲಿಲ್ಲ. ಕೈಗೆ ಕೆಲಸವಿದ್ದರೆ ಕಾಯುವುದು ಅರ್ಧ ಹಗುರ ಎಂಬುದನ್ನು ನಾನು ಕಲಿತದ್ದು ಅಲ್ಲೇ.

ಆರಿಸಿ ಉಳಿದದ್ದು ಐದು ಕಿಲೋಗೂ ಕಡಿಮೆ. ಅದನ್ನು ರೋಸ್ಟರ್ ಕೈಯಲ್ಲಿ ಕಪ್ಪಗೆ ಹುರಿಸಿದೆವು. ಡಾಕ್ಟರಮ್ಮ ಒಂದು ಪೊಟ್ಟಣ ಚಿಕೋರಿ ಹಿಡಿದು ವಿಜಯಿಯ ಹಾಗೆ ಬಂದರು. ನಮ್ಮನೇಲಿ ಚಿಕೋರಿ ಇಲ್ಲದ ಕಾಫೀನ ಕಾಫಿ ಅಂತ ಯಾರೂ ಅಂದಿಲ್ಲ ಕಣ್ರೀ ಎಂದು, ಹಾಲ್‌ನ ದೊಡ್ಡ ಕೆಟಲಿಗೆ ಡಿಕಾಕ್ಷನ್ ಇಳಿಸಿದರು. ಕರ್ತನ ಪ್ರಥಮ ಫಲಕ್ಕೆ ಕಡೆಗೆ ಮೈಸೂರು ಬ್ರಾಹ್ಮಣರ ಚಿಕೋರಿಯಿಂದ ಉದ್ಧಾರವಾಯಿತು. ಕ್ಯೂನವರೆಲ್ಲ ಎರಡೆರಡು ಕಪ್ ಕುಡಿದರು.

ಕೆಲಸ ಹುಡುಕುವುದು ಅಷ್ಟು ಸಲೀಸಾಗಲಿಲ್ಲ. ಒಂದು ಕಡೆ ಇಂಟರ್‌ವ್ಯೂ ಚೆನ್ನಾಗಿ ಮಾಡಿ ಆಮೇಲೆ ಫೋನೇ ಎತ್ತಲಿಲ್ಲ. ಇನ್ನೊಂದು ಕಡೆ ಆಯ್ಕೆ ಮಾಡಿ, ನಾಲ್ಕು ದಿನದ ಮೇಲೆ, ವಿದೇಶಿಯರನ್ನು ಸೇರಿಸಿಕೊಳ್ಳಲು ಬೇಕಾದ ಈ ವರ್ಷದ ಪಾಲಿನ ಸರ್ಟಿಫಿಕೇಟ್‌ಗಳು ಮುಗಿದಿವೆ ಎಂದರು. ಆ ದಿನ ಅವಳು ಆರಿಸಿದ್ದ ತಟ್ಟೆಯನ್ನು ಮತ್ತೆ ರಾಶಿಗೇ ಸುರಿದು ಮೊದಲಿನಿಂದ ಆರಿಸಿದಳು. ನಾನು ತಡೆಯಲಿಲ್ಲ. ನಲವತ್ತೊಂಬತ್ತನೇ ದಿನ ಪೂರ್ವ ತೀರದ, ನಾನು ಹೆಸರೇ ಕೇಳದ ಸಮುದ್ರದ ಊರಿನ ಕೇರ್ ಹೋಮ್ ಒಂದು ಒಪ್ಪಿತು. ಐವತ್ತೇಳನೇ ದಿನ ಅರ್ಜಿ ಹೋಯಿತು. ಸಲಹೆಗಾರರು ಬಟನ್ ಒತ್ತುವಾಗ ಅವಳು ನನ್ನ ಸೀರೆ ಸೆರಗನ್ನು ಹಿಡಿದು ನಿಂತಿದ್ದಳು, ಬಿಟ್ಟ ಮೇಲೆ ನೋಡಿದರೆ ಅದು ಮುದುಡಿ ಹೋಗಿತ್ತು.

ಅತ್ತ ಊರಿನಲ್ಲಿ ಕಲಿಸಿಕೊಡಬೇಕಾದದ್ದು ಏನೂ ಇರಲಿಲ್ಲ. ಹಣ್ಣನ್ನು ನೀರಿಗೆ ಹಾಕಿ ತೇಲಿದ್ದನ್ನು ತೆಗೆಯುವುದು, ಅದೇ ದಿನ ಸಿಪ್ಪೆ ಬಿಡಿಸುವುದು, ಕಣದಲ್ಲಿ ದಿನವಿಡೀ ತಿರುವಿ ಹಾಕುವುದು, ಎಲ್ಲ ಅವರಿಗೆ ನನ್ನ ಅಜ್ಜಿಯ ವಯಸ್ಸಿನಷ್ಟು ಹಳೆಯ ವಿದ್ಯೆ. ಒಳ್ಳೆಯದನ್ನು ಬೇರೆ ಇಡು ಎಂದು ಕೇಳಿದವರು ಮಾತ್ರ ಈವರೆಗೆ ಯಾರೂ ಇರಲಿಲ್ಲ. ತೇವ ನೋಡುವ ಯಂತ್ರವಿಲ್ಲವಲ್ಲ ಎಂದು ನಾನು ಕೊರಗಿದಾಗ, ತಾಯಿ ವಿಡಿಯೋ ಕಾಲ್‌ನಲ್ಲಿ ಒಂದು ಬೀಜವನ್ನು ದವಡೆಗೆ ಹಾಕಿ ಕಚ್ಚಿ ತೋರಿಸಿದರು. ಹಲ್ಲಿನ ಗುರುತು ಬೀಳದಿದ್ದರೆ ಒಣಗಿದೆ ಎಂದು ಅರ್ಥ. ಎರಡನೇ ಕಾಗದವನ್ನು ನಾನು ಅರ್ಧ ಪುಟಕ್ಕೆ ಮುಗಿಸಿದೆ, ಬರೀ ಲೆಕ್ಕ. ಹುಡುಗಿ ಓದಿ, ಇದರಲ್ಲಿ ದೇವ್ರೇ ಇಲ್ವಲ್ಲ ಅಕ್ಕ ಎಂದಳು. ಅವಂಗ ಗೊತ್ತಾಗ್ತದ ಬಿಡು ಎಂದೆ.

ಫೆಬ್ರವರಿ ಕೊನೆಯ ವಾರ ಮಾದರಿ ಬಂತು. ವೀಸಾ ಉತ್ತರಕ್ಕೆ ಕಾಯುತ್ತಿದ್ದ ಹುಡುಗಿಯೂ ನನ್ನೊಡನೆ ಶೆಡ್ಡಿಗೆ ಬಂದಳು. ಮತ್ತದೇ ಕ್ರಮ. ತೇವ ಹನ್ನೊಂದರ ಮೇಲೆ ಒಂದಿಷ್ಟು, ಹಲ್ಲು ಗೆದ್ದಿತ್ತು. ಕಪ್ಪು ಹಾಳೆಯ ಬದಿಯಲ್ಲಿ ಗುಡ್ಡೆ ಕಟ್ಟಲು ಬೀಜಗಳೇ ಸಾಲಲಿಲ್ಲ. ಬಿಸಿನೀರು, ನಾಲ್ಕು ನಿಮಿಷ, ಚಮಚ. ಐದು ಬಟ್ಟಲು ಮುಗಿಸಿದ ರೋಸ್ಟರ್ ಮತ್ತೆ ಮೊದಲ ಬಟ್ಟಲಿಗೆ ಬಂದರು. ಇಂಟರೆಸ್ಟಿಂಗ್ ಎನ್ನಲಿಲ್ಲ. ಚಮಚವನ್ನು ತೊಳೆದು, ಹುಡುಗಿಯ ಕೈಗೆ ಕೊಟ್ಟು, ನೀನು ನೋಡು ಎಂದರು. ಅವಳು ಅವರಿಗಿಂತ ಜೋರಾಗಿ ಸುರ್ರೆಂದು ಎಳೆದಳು. ಹತ್ತು ಮೂಟೆ, ಎರಡೂ ಲಿಪಿಯಲ್ಲಿ ಊರಿನ ಹೆಸರು. ಕನ್ನಡ ಅಕ್ಷರಗಳನ್ನು ಅಲ್ಲೇ ಒಂದು ಚೀಟಿಯ ಮೇಲೆ ನಾನು ಬರೆದುಕೊಟ್ಟೆ.

ಪೆಟ್ಟಿಗೆಯ ತಳದಲ್ಲಿ ಇನ್ನೊಂದು ವಸ್ತುವಿತ್ತು. ಹಿಡಿಯಷ್ಟು ಗಾತ್ರದ ಬಟ್ಟೆಯ ಚೀಲ, ಬಾಯಿ ಹೊಲಿದದ್ದು. ಅದಕ್ಕೆ ಪಿನ್ ಮಾಡಿದ ಚೀಟಿಯಲ್ಲಿ ತಾಯಿಯ ದುಂಡನೆಯ ದೊಡ್ಡ ಅಕ್ಷರ: "ಇದು ದೇವರಿಗೆ. ಕುಡಿಯಬೇಡಿ." ನಾನೂ ಹುಡುಗಿಯೂ ಶೆಡ್ಡಿನ ಬಾಗಿಲಲ್ಲಿ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆ ವರ್ಷದ ಸುಗ್ಗಿ ಹಬ್ಬಕ್ಕೆ ಅದನ್ನು ಬೀನ್ಸ್ ಡಬ್ಬಿಗಳ ನಡುವೆ ಪೀಠದ ಮುಂದೆ ಇಟ್ಟೆ, ಹರಾಜಿಗೆ ಬಿಡಲಿಲ್ಲ.

ಮಾರ್ಚಿನಲ್ಲಿ ವೀಸಾ ಬಂತು, ಅವಳು ಸಮುದ್ರದ ಊರಿಗೆ ಹೋದಳು. ರೈಲು ಹತ್ತಿಸಲು ಹೋದವಳು ನಾನು. ಬಿಳಿ ಮೇಜುಬಟ್ಟೆಯನ್ನು ಮಡಿಸಿ ಅವಳ ಚೀಲದಲ್ಲಿಟ್ಟೆ. ಅದರ ಕಲೆ ಹೋಗುವ ಹಾಗಿರಲಿಲ್ಲ, ಚರ್ಚಿಗಂತೂ ಬೇಡವಾಗಿತ್ತು. ಮೊದಮೊದಲು ವಾರಕ್ಕೊಮ್ಮೆ ಫೋನ್, ಆಮೇಲೆ ಹಬ್ಬಕ್ಕೆ. ನನ್ನ ಕೆಲಸವೂ ಈಗ ಮುಗಿದಿದೆ. ಬುಧವಾರದ ಮೇಜನ್ನು ನನಗಿಂತ ಚುರುಕಾದವರು ನಡೆಸುತ್ತಾರೆ, ಎಲ್ಲ ಆನ್‌ಲೈನ್. ಕ್ಯೂ ಇಲ್ಲ, ಕೆಟಲಿನ ಸದ್ದೂ ಇಲ್ಲ. ಆ ಹಾಲ್‌ನ ಮುಂದೆ ಹಾದು ಹೋಗುವಾಗ ಡಿಕಾಕ್ಷನ್ ವಾಸನೆ ಬಂದ ಹಾಗಾಗುತ್ತದೆ, ಬಂದಿರುವುದಿಲ್ಲ. ಆ ಚಳಿಗಾಲದಷ್ಟು ಹೆದರಿದ್ದು, ಆ ಚಳಿಗಾಲದಷ್ಟು ಉಪಯೋಗಕ್ಕೆ ಬಂದದ್ದು ನನ್ನ ಬಾಳಿನಲ್ಲಿ ಬೇರೆ ಇಲ್ಲ.

ಕಳೆದ ಬೇಸಿಗೆಯಲ್ಲಿ ಅವಳು ಫೋನ್ ಮಾಡಿ, ಊರಿಗೆ ಹೋಗಬೇಕು ಅನ್ನಿಸ್ತಿದೆ ಅಕ್ಕ ಎಂದಳು. ತಾಯಿಗೆ ಮಂಡಿ ಹಿಡಿದಿದೆ, ಗುಂಪಿನ ಕಾಫಿ ನೋಡಿಕೊಳ್ಳುವವರು ಬೇಕು, ತನಗೂ ಬೀಜ ಮುಟ್ಟಲು ಕೈ ಕಡಿಯುತ್ತಿದೆ. ನಾನು ಬೈದೆ. ಅರವತ್ತು ದಿನ ಒದ್ದಾಡಿ ಉಳಿಸಿಕೊಂಡ ವೀಸಾ, ಇನ್ನು ಎರಡು ವರ್ಷ ತಡೆದರೆ ಇಲ್ಲೇ ಕಾಯಂ ಆಗಬಹುದು, ಬುದ್ಧಿ ಎಲ್ಲಿಟ್ಟಿದ್ದೀ ಎಂದು ಅರ್ಧ ಗಂಟೆ ಪ್ರಸಂಗ ಮಾಡಿದೆ. ಅವಳು ವಾದಿಸಲಿಲ್ಲ. ಹೂಂ ಅಕ್ಕ ಎಂದು ಇಟ್ಟಳು. ಆಮೇಲೆ ಫೋನ್ ಬರಲಿಲ್ಲ, ನಾನೂ ಬಿಗುಮಾನದಿಂದ ಮಾಡಲಿಲ್ಲ.

ಈ ಫೆಬ್ರವರಿಯಲ್ಲಿ ಹೊಸ ಬೆಳೆಯ ಮಾದರಿ ಬಂತು. ರೋಸ್ಟರ್ ಎಂದಿನಂತೆ ಬಟ್ಟೆಯ ಚೀಲವನ್ನು ನನ್ನ ಮನೆಗೇ ತಂದುಕೊಟ್ಟರು. ಮೂರನೆಯ ವರ್ಷದ ಚೀಲ. ಪಿನ್ ಮಾಡಿದ ಚೀಟಿಯ ಮೇಲೆ ದುಂಡನೆಯ ಅಕ್ಷರ ಇರಲಿಲ್ಲ. ಚೀಲದ ಬಟ್ಟೆ ಬಿಳಿಯದು, ಮಾಸಲು ಕಲೆಯದು; ನೋಡಿದ ತಕ್ಷಣ ಗುರುತು ಸಿಕ್ಕಿತು, ನಮ್ಮ ಹಾಲ್‌ನ ಮೇಜುಬಟ್ಟೆ. ಚೀಟಿ ಓದಲು ಕನ್ನಡಕ ಹುಡುಕಬೇಕಾಯಿತು.

"ಇದು ದೇವರಿಗೆ. ಕುಡಿಯಬೇಡಿ ಅಕ್ಕ."

ಆ ಕೊನೆಯ ಅಕ್ಷರದ ಒತ್ತು ಬೇರು ಬಿಟ್ಟು, ಚೀಟಿಯ ಅಂಚಿನವರೆಗೂ ಇಳಿದಿತ್ತು. ಅಂದು ಈ ದೇಶ ಅವಳನ್ನು ಕಳಿಸಲು ಹೊರಟಿತ್ತು. ಈ ಸಲ ಅವಳೇ ಊರಿಗೆ ಹೋಗಿದ್ದಳು. ಬಿಗುಮಾನ ಪಕ್ಕಕ್ಕಿಟ್ಟು ಗಡಿಯಾರ ನೋಡಿದೆ. ಇಲ್ಲಿ ಒಂದೂವರೆ, ಅಲ್ಲಿ ಏಳು. ಫೋನ್ ಹಚ್ಚಿದೆ.